ಆಪರೇಷನ್ ಆದ ಕಾಲು ಮತ್ತೆ ನೆಲಕ್ಕೆ: ನೋವನ್ನ ನಿಭಾಯಿಸೋದು ಹೇಗೆ?

(ಈ ಸಂಚಿಕೆಯ ಮಾತಿನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ನಡೀತಾ ಇದನ್ನ ಕೇಳ್ತಿದ್ರೆ ಒಂದು ಹತ್ತು ಹೆಜ್ಜೆ ನಿಮ್ಮ ಹಿಮ್ಮಡಿ ಕಡೆ ಗಮನ ಕೊಡಿ. ಮೊದಲು ಹಿಮ್ಮಡಿ ನೆಲಕ್ಕೆ ತಾಗುತ್ತೆ, ಆಮೇಲೆ ಇಡೀ ಪಾದ, ಕೊನೆಗೆ ಹೆಬ್ಬೆರಳು ನೆಲವನ್ನ ಹಿಂದಕ್ಕೆ ತಳ್ಳುತ್ತೆ. ಹುಟ್ಟಿ ಒಂದು ವರ್ಷಕ್ಕೆ ಕಲಿತಿದ್ದು, ಆಮೇಲೆ ಯಾವತ್ತೂ ಯೋಚನೆ ಮಾಡಿಲ್ಲ ಅಲ್ವಾ? ನಾನೂ ಮಾಡಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ನಮ್ಮ ಮುರ್ಡೇಶ್ವರದ ಮನೆಯ ಮಾಡಿನಿಂದ ಬೀಳೋ ತನಕ.

ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಹಂಚು ಸರಿಮಾಡೋದು ಪ್ರತಿ ವರ್ಷದ ಕೆಲಸ. ಒಡೆದ ಹಂಚು ತೆಗೆದು ಹೊಸದು ಇಡೋದು, ಕಸ ಗುಡಿಸೋದು. ಏಣಿ ಜಾರ್ತು. ಒಂಬತ್ತು ಹತ್ತು ಅಡಿ ಎತ್ತರ ಇರಬಹುದು, ಅಷ್ಟೇ. ಕಾಲ ಮೇಲೇ ಬಿದ್ದೆ, ಕೆಳಗೆ ಚಿರೆಕಲ್ಲಿನ ಅಂಗಳ. "ಪುಣ್ಯ, ತಲೆಗೆ ಏನೂ ಆಗ್ಲಿಲ್ಲ" ಅಂತ ಎಲ್ಲರೂ ಅಂದ್ರು. ಎದ್ದು ನಿಲ್ಲೋಕೆ ಹೋದೆ, ಬಲಗಾಲು ಇರಲೇ ಇಲ್ಲ ಅನ್ನೋ ಥರ ಕುಸಿದೆ.

ಎತ್ತರದಿಂದ ಕಾಲ ಮೇಲೆ ಬಿದ್ದೋರಿಗೆ ಮುರಿಯೋದು ಸಾಮಾನ್ಯವಾಗಿ ಹಿಮ್ಮಡಿ ಮೂಳೆ. ಡಾಕ್ಟರ್‌ಗಳ ಭಾಷೆಯಲ್ಲಿ ಕ್ಯಾಲ್ಕೇನಿಯಸ್. ಅಡಿಕೆ ಮರ, ತೆಂಗಿನ ಮರ ಹತ್ತೋರು, ಕಟ್ಟಡದ ಸಾರದ ಮೇಲೆ ಕೆಲಸ ಮಾಡೋರು, ಮಾಡು ಹತ್ತೋ ನನ್ನಂಥೋರು, ಎಲ್ಲರೂ ಇದೇ ಗುಂಪು. ಇಂಗ್ಲಿಷಿನಲ್ಲಿ ಇದಕ್ಕೊಂದು ತಮಾಷೆ ಹೆಸರಿದೆ, 'ಪ್ರೇಮಿಯ ಮುರಿತ' ಅಂತ. ಗಂಡ ಮನೆಗೆ ಬಂದಾಗ ಕಿಟಕಿಯಿಂದ ಹಾರಿದ ಪ್ರಿಯಕರನಿಗೆ ಆಗೋದಂತೆ. ನನ್ನದು ಹಂಚಿನ ಮುರಿತ. (ನಗು) ಹೀಗೆ ಬಿದ್ದಾಗ ಹೊಡೆತ ಹಿಮ್ಮಡಿಯಿಂದ ಮೇಲಕ್ಕೆ ಹೋಗಿ ಬೆನ್ನುಮೂಳೆಗೂ ಪೆಟ್ಟಾಗಿರಬಹುದು. ಅದಕ್ಕೇ ಬೆನ್ನನ್ನೂ ನೋಡ್ಬೇಕು. ಕಾಲು ಅಷ್ಟು ನೋಯ್ತಿರುವಾಗ ಬೆನ್ನಿನ ನೋವು ಗೊತ್ತೇ ಆಗಲ್ಲ. ಇದು ಈ ಸಂಚಿಕೆಯ ಮೊದಲ ಪಾಠ, ಮುಂದೆ ಮತ್ತೆ ಬರುತ್ತೆ: ನೋವು ಅಂದ್ರೆ ಮೀಟರ್ ಅಲ್ಲ.

ನಮ್ಮ ಜಿಲ್ಲೆಯ ಕಥೆ ನಿಮಗೆ ಗೊತ್ತು. 2019ರಲ್ಲಿ ಉತ್ತರ ಕನ್ನಡಕ್ಕೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ನಮ್ಮ ವಯಸ್ಸಿನೋರೇ ಟ್ವಿಟ್ಟರಲ್ಲಿ ಹ್ಯಾಷ್‌ಟ್ಯಾಗ್ ಓಡಿಸಿದ್ರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಪಲ್ಟಿಯಾದಾಗ ಆ ಕೂಗು ಮತ್ತೆ ಎದ್ದಿತ್ತು. ದೊಡ್ಡ ಆಪರೇಷನ್ ಅಂದ್ರೆ ಇವತ್ತಿಗೂ ಹೆದ್ದಾರಿ 66 ಹಿಡ್ಕೊಂಡು ದಕ್ಷಿಣಕ್ಕೆ ಹೋಗೋದೇ. ನಾನೂ ಹಾಗೇ ಹೋದೆ, ಹಿಂದಿನ ಸೀಟಲ್ಲಿ ಕಾಲು ಚಾಚಿ, ಅದರ ಕೆಳಗೆ ಎರಡು ದಿಂಬು ಇಟ್ಟು.

ಆಪರೇಷನ್ ತಕ್ಷಣ ಮಾಡಲಿಲ್ಲ. ಹಿಮ್ಮಡಿಯ ಚರ್ಮ ತೆಳು, ಅದು ಬಾತು ಬಿಗಿದುಕೊಂಡಿರುವಾಗ ಕೊಯ್ದರೆ ಗಾಯ ಕೂಡಲ್ಲ. ಬಾವು ಇಳಿದು ಚರ್ಮದಲ್ಲಿ ಸಣ್ಣ ಸಣ್ಣ ಸುಕ್ಕು ಕಾಣಿಸೋ ತನಕ ಕಾಯ್ತಾರೆ. ನನಗೆ ಹತ್ತು ದಿನ ಆಯ್ತು. ಹತ್ತು ದಿನವೂ ಕೆಲಸ ಒಂದೇ: ಕಾಲನ್ನ ಎದೆಗಿಂತ ಎತ್ತರದಲ್ಲಿ ಇಟ್ಕೊಂಡು ಮಲಗೋದು. ಜೂನ್ 1ಕ್ಕೆ ಪ್ಲೇಟು, ಸ್ಕ್ರೂ ಹಾಕಿದ್ರು. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಬೋಟುಗಳು ದಡ ಸೇರಿದ ದಿನವೇ ನಾನೂ ಹಾಸಿಗೆ ಸೇರಿದೆ.

ಈಗ ನೋವಿನ ವಿಷಯಕ್ಕೆ ಬರ್ತೀನಿ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನಗೆ ಮೊದಲೇ ಗೊತ್ತಿದ್ದಿದ್ರೆ ಒಂದು ರಾತ್ರಿ ಉಳೀತಿತ್ತು.

ಆಪರೇಷನ್ ದಿನ ಸೊಂಟದ ಇಂಜೆಕ್ಷನ್ ಜೊತೆ ಮಂಡಿಯ ಹಿಂದುಗಡೆ ನರದ ಬ್ಲಾಕ್ ಕೊಟ್ಟಿದ್ರು. ಸಂಜೆ ಕಾಲು ಪೂರ್ತಿ ಜೋಮು, ನೋವು ಸೊನ್ನೆ. ನಾನು ಸೆಲ್ಫಿ ತೆಗೆದು ಗ್ರೂಪಿಗೆ ಹಾಕಿದೆ. ರಾತ್ರಿ ಹತ್ತಕ್ಕೆ ಸಿಸ್ಟರ್ ಮಾತ್ರೆ ತಂದ್ರು. "ನೋವೇ ಇಲ್ಲ ಸಿಸ್ಟರ್, ಆಮೇಲೆ ತಗೋತೀನಿ" ಅಂದೆ. ಅವರು ಎರಡು ಸಲ ಹೇಳಿದ್ರು, ನಾನೇ ಕೇಳಲಿಲ್ಲ. ಮೂರು ಗಂಟೆಗೆ ಬ್ಲಾಕ್ ಇಳೀತು. ಯಾರೋ ಹಿಮ್ಮಡಿಯನ್ನ ಒನಕೆಯಲ್ಲಿ ಕುಟ್ಟಿದ ಹಾಗೆ. ಮಾತ್ರೆ ನುಂಗಿದ್ರೂ ಅದು ಹೊಟ್ಟೆಗೆ ಹೋಗಿ ಕೆಲಸ ಮಾಡೋಕೆ ಅರ್ಧ ಮುಕ್ಕಾಲು ಗಂಟೆ ಬೇಕು, ಅಷ್ಟರಲ್ಲಿ ನೋವು ಎಲ್ಲೋ ಹೋಗಿರುತ್ತೆ. ಬ್ಲಾಕ್ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯಲ್ಲಿ ಇಳಿಯುತ್ತೆ. ಇಳಿಯೋ ಮೊದಲೇ ಮಾತ್ರೆ ರಕ್ತದಲ್ಲಿ ಇರಬೇಕು. ಮೊದಲ ಕೆಲವು ದಿನ 'ನೋವು ಬಂದಾಗ ಮಾತ್ರೆ' ಅಲ್ಲ, ಗಡಿಯಾರ ನೋಡಿ ಮಾತ್ರೆ. ಫೋನಲ್ಲಿ ಅಲಾರಂ ಇಡಿ. ಎದ್ದ ಬೆಂಕಿ ಆರಿಸೋದಕ್ಕಿಂತ ಬೆಂಕಿ ಏಳದ ಹಾಗೆ ನೋಡ್ಕೊಳ್ಳೋದು ಸುಲಭ, ಕಡಿಮೆ ಮಾತ್ರೆಯಲ್ಲೇ ಆಗುತ್ತೆ.

ಯಾವ ಮಾತ್ರೆ ಅಂತ ನಾನು ಹೇಳಲ್ಲ, ಅದು ನಿಮ್ಮ ಡಾಕ್ಟರ್ ಕೆಲಸ. ಆದ್ರೆ ಚೀಟಿಯಲ್ಲಿ ಇರೋದು ಏನು ಅಂತ ಅರ್ಥ ಆಗ್ಬೇಕಲ್ವಾ.

ಪ್ಯಾರಸಿಟಮಾಲ್. ಜ್ವರದ ಮಾತ್ರೆ ಅಂತ ಸಸಾರ ಮಾಡ್ಬೇಡಿ. ಹೊತ್ತು ಹೊತ್ತಿಗೆ ತಗೊಂಡ್ರೆ ಉಳಿದ ಬಲವಾದ ಮಾತ್ರೆಗಳ ಅಗತ್ಯ ಕಡಿಮೆ ಆಗುತ್ತೆ. ದೊಡ್ಡೋರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. 650ರ ಮಾತ್ರೆ ಆರು ನುಂಗಿದ್ರೆ 3.9 ಗ್ರಾಂ, ಅಲ್ಲಿಗೆ ಮುಗೀತು. ತೂಕ ಕಡಿಮೆ ಇರೋರಿಗೆ, ಲಿವರ್ ತೊಂದರೆ ಇರೋರಿಗೆ, ಕುಡಿಯೋರಿಗೆ ಮಿತಿ ಇನ್ನೂ ಕಡಿಮೆ. ಇಲ್ಲೇ ಒಂದು ಹಳ್ಳ ಇದೆ. ನಮ್ಮ ಮೆಡಿಕಲ್ ಶಾಪಲ್ಲಿ ಸಿಗೋ ಬಹಳಷ್ಟು ನೋವಿನ ಮಾತ್ರೆ ಎರಡು ಔಷಧಿ ಬೆರೆಸಿದ್ದು: ಅಸಿಕ್ಲೋಫೆನಾಕ್ ಜೊತೆ ಪ್ಯಾರಸಿಟಮಾಲ್, ಟ್ರಮಡಾಲ್ ಜೊತೆ ಪ್ಯಾರಸಿಟಮಾಲ್. ಚೀಟಿಯ ಮಾತ್ರೆ ಒಂದು, ಮನೆಯಲ್ಲಿದ್ದ ಜ್ವರದ ಮಾತ್ರೆ ಒಂದು, ಪಕ್ಕದ ಮನೆಯವರು ಕೊಟ್ಟಿದ್ದು ಇನ್ನೊಂದು. ಮೂರರಲ್ಲೂ ಪ್ಯಾರಸಿಟಮಾಲ್ ಇದ್ರೆ ಲಿವರ್ ಕಥೆ ಏನು? ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಫೋನ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ಓದಿ.

ಎರಡನೇ ಗುಂಪು ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಬಾವು ಇಳಿಸೋ ಮಾತ್ರೆಗಳು. ಒಳ್ಳೆ ಕೆಲಸ ಮಾಡ್ತವೆ, ಜೊತೆಗೆ ಹೊಟ್ಟೆಯಲ್ಲಿ ಹುಣ್ಣು ಮಾಡ್ತವೆ, ಕಿಡ್ನಿಗೆ ಭಾರ ಆಗ್ತವೆ. ಬಿಪಿ ಮಾತ್ರೆ ತಗೊಳ್ಳೋ ಹಿರಿಯರಿಗೆ ಇನ್ನೂ ಜಾಗ್ರತೆ ಬೇಕು. ಡೈಕ್ಲೋಫೆನಾಕ್ ಬಗ್ಗೆ ಸಣ್ಣದೊಂದು ಅಡ್ಡಮಾತು. ನಮ್ಮ ದೇಶದ ರಣಹದ್ದುಗಳ ಸಂತತಿ ಹೆಚ್ಚುಕಡಿಮೆ ನಾಶ ಆಗಿದ್ದು ಇದರಿಂದಲೇ. ದನಗಳಿಗೆ ಕೊಟ್ಟ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ, ಕಿಡ್ನಿ ಕೆಟ್ಟು ಸಾಯ್ತಿದ್ವು. 2006ರಲ್ಲಿ ಪಶುಗಳಿಗೆ ಕೊಡೋದನ್ನ ನಿಷೇಧಿಸಿದ್ರು. ಮನುಷ್ಯ ಹದ್ದಲ್ಲ, ನಿಜ. ಆದ್ರೂ 'ಒಂದು ಡೈಕ್ಲೋ ಹಾಕ್ಕೋ ಮಾರಾಯ, ಏನಾಗಲ್ಲ' ಅನ್ನೋ ಸಲಹೆ ಕೇಳಿದಾಗಲೆಲ್ಲ ನನಗೆ ಆ ಹಕ್ಕಿ ನೆನಪಾಗುತ್ತೆ. ಈ ಗುಂಪಿನ ಮಾತ್ರೆ ಬಹಳ ದಿನ ತಗೊಂಡ್ರೆ ಮೂಳೆ ಕೂಡೋದು ನಿಧಾನ ಆಗುತ್ತಾ ಅನ್ನೋದರ ಬಗ್ಗೆಯೂ ವೈದ್ಯರಲ್ಲಿ ಚರ್ಚೆ ಇದೆ. ಹಾಗಾಗಿ ಎಷ್ಟು ದಿನ ಅಂತ ಸರ್ಜನ್ ಹತ್ರವೇ ಕೇಳಿ, ಚೀಟಿಯನ್ನ ನೀವೇ ರಿನ್ಯೂ ಮಾಡ್ಕೋಬೇಡಿ.

ಮೂರನೇದು ಟ್ರಮಡಾಲ್ ಥರದ್ದು. ಮೊದಲ ಕೆಲವು ದಿನಕ್ಕೆ ಮಾತ್ರ. ತಲೆ ತಿರುಗುತ್ತೆ, ವಾಕರಿಕೆ ಬರುತ್ತೆ, ಮಲಬದ್ಧತೆ ಆಗುತ್ತೆ. ಅಭ್ಯಾಸ ಹಿಡಿಯೋ ಅಪಾಯ ಇರೋದ್ರಿಂದ 2018ರಲ್ಲಿ ಇದನ್ನ ಮಾದಕ ವಸ್ತು ಕಾಯ್ದೆಯ ಅಡಿಗೆ ತಂದಿದ್ದಾರೆ. ಊರುಗೋಲು ಹಿಡ್ಕೊಂಡು ಕುಂಟುವಾಗ ತಲೆ ತಿರುಗಿದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ನನಗೆ ಐದು ದಿನಕ್ಕೆ ನಿಲ್ಲಿಸಿದ್ರು.

ಇನ್ನು ಮಾತ್ರೆಯೇ ಅಲ್ಲದ ಮದ್ದು. ಮೊದಲ ಎರಡು ವಾರ ಕಾಲು ಎತ್ತಿ ಇಡೋದಕ್ಕಿಂತ ದೊಡ್ಡ ನೋವುನಿವಾರಕ ಇಲ್ಲ. ಊಟಕ್ಕೆ ಅಂತ ಕಾಲು ಇಳಿಬಿಟ್ಟು ಐದು ನಿಮಿಷ ಕೂತರೆ ಪಾದ ನೇರಳೆ ಬಣ್ಣಕ್ಕೆ ತಿರುಗಿ ಧಗಧಗ ಬಡ್ಕೊಳ್ತಿತ್ತು. ನಾನು ಹೆದರಿ ಅಮ್ಮನನ್ನ ಕೂಗಿದೆ, ಅಮ್ಮ ನನಗಿಂತ ಹೆಚ್ಚು ಹೆದರಿದ್ರು. ಕೆಲಸ ಇಲ್ಲದ ಮೀನಖಂಡ ರಕ್ತವನ್ನ ಮೇಲಕ್ಕೆ ತಳ್ಳೋದು ಮರೆತಿರುತ್ತೆ, ಅದಕ್ಕೇ ಹೀಗೆ. ಎತ್ತಿ ಇಟ್ಟ ಮೇಲೆ ಬಣ್ಣ ಇಳಿದ್ರೆ ಭಯ ಬೇಡ. ಎತ್ತಿಟ್ಟರೂ ನೋವು ಏರ್ತಾನೇ ಹೋದ್ರೆ, ಬೆರಳು ತಣ್ಣಗಾದ್ರೆ, ಮರಗಟ್ಟಿದ್ರೆ, ಬಿಳಿಚಿಕೊಂಡ್ರೆ ಅಥವಾ ನೀಲಿಯಾದ್ರೆ, ಕಟ್ಟು ಬಿಗಿಯಾಗಿದೆ ಅಂತ ಅರ್ಥ. ಬೆಳಗಾಗ್ಲಿ ಅಂತ ಕಾಯ್ಬಾರದು.

ಐಸ್ ಕೂಡ ಒಳ್ಳೇದು, ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ. ನಮ್ಮೂರಲ್ಲಿ ಐಸಿಗೇನು ಬರ? ಗೆಳೆಯನೊಬ್ಬ ಮೀನಿನ ಐಸನ್ನೇ ಒಂದು ಬುಟ್ಟಿ ತಂದಿದ್ದ, ವಾಸನೆ ಸಮೇತ. (ನಗು) ಆದ್ರೆ ಒಂದು ವಿಷಯ. ಈ ಆಪರೇಷನ್ ಆದ ಮೇಲೆ ಪಾದದ ಹೊರಬದಿಗೆ ಸ್ಪರ್ಶ ಗೊತ್ತಾಗದೇ ಇರಬಹುದು, ಅಲ್ಲಿ ಹಾದು ಹೋಗೋ ಸಣ್ಣ ನರಕ್ಕೆ ತೊಂದರೆ ಆಗಿರುತ್ತೆ. ಜೋಮು ಹಿಡಿದ ಜಾಗಕ್ಕೆ ಐಸ್ ಇಟ್ಟು ಮರೆತ್ರೆ ಚರ್ಮ ಸುಟ್ಟ ಹಾಗೇ ಆಗುತ್ತೆ.

ಎರಡು ವಾರಕ್ಕೆ ಹೊಲಿಗೆ ಬಿಚ್ಚಿದ್ರು. ಕಾಲು ಊರೋ ಹಾಗಿಲ್ಲ, ಆದ್ರೆ ಗಾಳಿಯಲ್ಲಿ ಆಡಿಸ್ಬೇಕು. ವಾರಕ್ಕೊಂದು ಸಲ ಹೊನ್ನಾವರದಿಂದ ಬರ್ತಿದ್ದ ಫಿಸಿಯೋ ಮೇಡಂ ಹೆಬ್ಬೆರಳಿನಲ್ಲಿ ಗಾಳಿಯಲ್ಲಿ ಅಕ್ಷರ ಬರೆಯೋಕೆ ಹೇಳಿದ್ರು. ಎಬಿಸಿಡಿ ಬರೆದೆ. "ಅದು ಸುಲಭ ಆಯ್ತು, ಕನ್ನಡ ಬರೀರಿ" ಅಂದ್ರು. ಅ, ಆ ಪರವಾಗಿಲ್ಲ. ಋ ಬರೆಯೋವಾಗ ಕಣ್ಣಲ್ಲಿ ನೀರು ಬಂತು. ಸುತ್ತು ಜಾಸ್ತಿ ಇದ್ದಷ್ಟೂ ಕೀಲು ಎಲ್ಲಾ ದಿಕ್ಕಿಗೂ ತಿರುಗುತ್ತೆ, ಅದೇ ಬೇಕಾಗಿರೋದು. ಈ ವಿಷಯದಲ್ಲಿ ನಮ್ಮ ಲಿಪಿಯನ್ನ ಮೀರಿಸೋದು ಕಷ್ಟ.

ಆಗ ಶುರುವಾಗಿದ್ದು ಬೇರೆ ಥರದ ನೋವು. ಗಾಯ ಒಣಗಿದೆ, ಆದ್ರೆ ಹೊದಿಕೆ ತಾಗಿದ್ರೂ ಉರಿ. ಇದಕ್ಕೆ ಮೇಡಂ ಕೊಟ್ಟ ಮದ್ದು ನನಗೆ ಹುಚ್ಚುತನ ಅನ್ನಿಸಿತ್ತು: ಉಜ್ಜಿ. ಮೊದಲು ಹತ್ತಿ, ಎರಡು ದಿನ ಬಿಟ್ಟು ಅಪ್ಪನ ಹಳೇ ಪಂಚೆ, ಆಮೇಲೆ ಟವೆಲ್ಲು, ಆಮೇಲೆ ಪರಾತದಲ್ಲಿ ಅಕ್ಕಿ ಹಾಕಿ ಅದರೊಳಗೆ ಪಾದ. ದಿನಕ್ಕೆ ನಾಲ್ಕೈದು ಸಲ, ಎರಡೆರಡು ನಿಮಿಷ. ಪೂರ್ತಿ ಕೂಡಿದ ಚರ್ಮದ ಮೇಲೆ ಮಾತ್ರ, ಇದು ಮುಖ್ಯ. ಮೂರು ವಾರದಲ್ಲಿ ಉರಿ ಅರ್ಧಕ್ಕರ್ಧ ಇಳೀತು.

ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು 1965ರ ಒಂದು ಪ್ರಬಂಧ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನೋ ಇಬ್ಬರು ಬರೆದಿದ್ದು. ಅವರ ಪ್ರಕಾರ ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗೆ. ನೋವಿನ ಸುದ್ದಿ ತರೋ ನರಗಳೂ, ಸ್ಪರ್ಶದ ಸುದ್ದಿ ತರೋ ನರಗಳೂ ಅಲ್ಲೇ ಹಾಯ್ಬೇಕು. ಸ್ಪರ್ಶದ ಸುದ್ದಿ ಜಾಸ್ತಿ ಬಂದ್ರೆ ನೋವಿಗೆ ಗೇಟು ಸ್ವಲ್ಪ ಮುಚ್ಚುತ್ತೆ. ಮೇಲಿಂದ ಮಿದುಳೂ ಆ ಗೇಟನ್ನ ತೆರೆಯೋದು ಮುಚ್ಚೋದು ಮಾಡುತ್ತೆ. ಭಯ, ನಿದ್ದೆ ಇಲ್ಲದಿರೋದು, 'ನನ್ನ ಕಾಲು ಮುಗೀತು' ಅನ್ನೋ ಯೋಚನೆ, ಇವೆಲ್ಲ ಗೇಟನ್ನ ಅಗಲ ಮಾಡ್ತವೆ. ಆ ಸಿದ್ಧಾಂತವನ್ನ ಆಮೇಲೆ ಬಹಳ ತಿದ್ದಿದ್ದಾರೆ, ಆದ್ರೆ ಮೂಲ ಮಾತು ನಿಂತಿದೆ: ನೋವು ಗಾಯದಿಂದ ನೇರವಾಗಿ ಬರೋ ಲೈವ್ ಸ್ಟ್ರೀಮ್ ಅಲ್ಲ, ದಾರಿಯಲ್ಲಿ ಎಡಿಟ್ ಆಗಿ ಬರುತ್ತೆ. ಮಂಡಿ ತಾಗಿಸಿಕೊಂಡ ಮಗುವಿಗೆ ಅಮ್ಮ ಉಜ್ಜಿ ಉಫ್ ಅನ್ನೋದಕ್ಕೆ ಕಾರಣ ಇದೆ ಅಂತಾಯ್ತು.

ಹಾಗಾದ್ರೆ ನೋವೇ ಇಲ್ಲದಿದ್ರೆ ಚೆನ್ನಾಗಿರ್ತಿತ್ತಾ? ಈ ಪ್ರಶ್ನೆಗೆ ಉತ್ತರ ಪಕ್ಕದ ಮನೆಯಲ್ಲೇ ಇತ್ತು. ಅಲ್ಲಿನ ಅಜ್ಜಿ ದಿನಾ ನನ್ನ ನೋಡೋಕೆ ಬರ್ತಿದ್ರು. "ಹ್ಯಾಂಗದ್ಯೋ ತಮಾ, ನೋವು ಕಮ್ಮಿ ಆಯ್ತನಾ?" ಅಂತ ಕೇಳೋರು. ಅವರಿಗೆ ಶುಗರ್ ಶುರುವಾಗಿ ಇಪ್ಪತ್ತು ವರ್ಷ ಆಗಿದೆ. ಒಂದು ದಿನ ಜಗಲಿಯಲ್ಲಿ ಕೂತಾಗ ನೆಲದ ಮೇಲೆ ರಕ್ತದ ಗುರುತು. ನೋಡಿದ್ರೆ ಅಜ್ಜಿಯ ಪಾದದಲ್ಲಿ ಒಂದು ಮೊಳೆ, ಚಪ್ಪಲಿಯನ್ನೂ ತೂರಿ ಒಳಗೆ ಹೋಗಿತ್ತು. ಯಾವಾಗ ಹೊಕ್ಕಿತ್ತೋ ಅವರಿಗೆ ಗೊತ್ತೇ ಇಲ್ಲ. ಬೆಳಿಗ್ಗೆ ಪೇಟೆಗೆ ಹೋಗಿ ಬಂದಿದ್ರು. ನಾನು ಒಂದು ಹೊದಿಕೆ ತಾಗಿದ್ದಕ್ಕೆ ಕಿರುಚ್ತಿದ್ದೆ, ಅವರು ಮೊಳೆ ಮೆಟ್ಟಿಕೊಂಡು ನನ್ನ ಯೋಗಕ್ಷೇಮ ವಿಚಾರಿಸ್ತಿದ್ರು.

ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಅನ್ನೋ ಸರ್ಜನ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ್ರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಕೊಳೆತು ಉದುರುತ್ತೆ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಅವರು ತೋರಿಸಿದ್ದು ಬೇರೆ: ರೋಗ ನರವನ್ನ ಕೊಲ್ಲುತ್ತೆ, ನೋವು ಗೊತ್ತಾಗದ ಕೈಕಾಲು ಸುಟ್ಟುಕೊಂಡು, ಚುಚ್ಚಿಸಿಕೊಂಡು, ರಾತ್ರಿ ಇಲಿ ಕಚ್ಚಿದ್ರೂ ತಿಳಿಯದೆ ಹಾಳಾಗುತ್ತೆ. ಮುಂದೆ ಅಮೆರಿಕದಲ್ಲಿ ಅವರ ತಂಡ ಇಂಥವರಿಗಾಗಿ ಕೃತಕ ನೋವನ್ನೇ ತಯಾರಿಸೋಕೆ ಹೊರಟಿತ್ತು, ಒತ್ತಡ ಜಾಸ್ತಿಯಾದ್ರೆ ಎಚ್ಚರಿಸೋ ಸೆನ್ಸರ್‌ಗಳು. ಆಫ್ ಮಾಡೋಕೆ ದಾರಿ ಇದ್ರೆ ರೋಗಿಗಳು ಆಫ್ ಮಾಡಿಬಿಡ್ತಿದ್ರು. ಆಮೇಲೆ ಆ ಯೋಜನೆಯನ್ನೇ ಕೈಬಿಟ್ಟರು. ನೋಟಿಫಿಕೇಷನ್ ಮ್ಯೂಟ್ ಮಾಡೋ ನಮ್ಮ ಅಭ್ಯಾಸ ಹೊಸದೇನಲ್ಲ. ಅಜ್ಜಿ ಈಗ ಎಂಸಿಆರ್ ಚಪ್ಪಲಿ ಹಾಕ್ತಾರೆ, ಮೆತ್ತಗಿನ ರಬ್ಬರಿನ ಅಟ್ಟೆಯದ್ದು. ದಿನಾ ಸಂಜೆ ಮೊಮ್ಮಗಳು ಫೋನ್ ಟಾರ್ಚ್ ಹಾಕಿ ಅವರ ಪಾದ ನೋಡ್ತಾಳೆ. ನಿಮ್ಮ ಮನೆಯಲ್ಲಿ ಶುಗರ್ ಇರೋರು ಇದ್ರೆ ಇವತ್ತೇ ನೋಡಿ.

ಆಗಸ್ಟ್ ಮೊದಲ ವಾರ, ಒಂಬತ್ತು ವಾರ ಮುಗಿದಿತ್ತು. ಬೋಟುಗಳು ಕಡಲಿಗೆ ಇಳಿದಿದ್ವು. ಎಕ್ಸ್‌ರೇ ನೋಡಿದ ಡಾಕ್ಟರ್ "ಇನ್ನು ಸ್ವಲ್ಪ ಸ್ವಲ್ಪ ಭಾರ ಹಾಕಿ" ಅಂದ್ರು. ಸ್ವಲ್ಪ ಅಂದ್ರೆ ಎಷ್ಟು? ಇದಕ್ಕೆ ತೂಕದ ಮೆಷಿನ್ ಬಳಸ್ತಾರೆ. ಗೋಡೆ ಹತ್ರ ವಾಕರ್ ಹಿಡ್ಕೊಂಡು ನಿಂತು, ಒಳ್ಳೆ ಕಾಲು ಅಷ್ಟೇ ಎತ್ತರದ ಮಣೆ ಮೇಲೆ, ಆಪರೇಷನ್ ಆದ ಕಾಲು ಮೆಷಿನ್ ಮೇಲೆ. ಮುಳ್ಳು 10 ಕೆಜಿಗೆ ಬರೋ ತನಕ ಒತ್ತಿ, ಆ ಒತ್ತಡ ಹೇಗಿರುತ್ತೆ ಅಂತ ನೆನಪಿಟ್ಕೊಳ್ಳೋದು. ಆಮೇಲೆ ಅದೇ ಒತ್ತಡದಲ್ಲಿ ನಡೆಯೋದು. ಕೆಲವು ದಿನ ಬಿಟ್ಟು 15, 20. ನಿಮ್ಮ ಲೆಕ್ಕ ನಿಮ್ಮ ಡಾಕ್ಟರ್ ಹೇಳಿದ್ದೇ ಇರಬೇಕು, ನನ್ನದನ್ನ ಕಾಪಿ ಮಾಡ್ಬೇಡಿ.

ಮೊದಲ ಸಲ ಹಿಮ್ಮಡಿ ನೆಲಕ್ಕೆ ತಾಗಿದಾಗ ಗಾಜಿನ ಚೂರಿನ ಮೇಲೆ ನಿಂತ ಹಾಗಿತ್ತು. ಎಲ್ಲೋ ಪ್ಲೇಟು ಮುರಿದೇ ಹೋಯ್ತು ಅಂದ್ಕೊಂಡೆ. ಮೇಡಂ ಹೇಳಿದ್ದು ಇಷ್ಟು: "ಎರಡು ತಿಂಗಳು ಕೆಲಸ ಇಲ್ಲದೆ ಮೂಳೆ ಮೆತ್ತಗಾಗಿದೆ, ಸ್ನಾಯು ಸಣ್ಣಗಾಗಿದೆ, ಕೀಲು ಬಿಗಿದಿದೆ, ಅಡಿಚರ್ಮ ಮಗುವಿನ ಥರ ಆಗಿದೆ. ಎಲ್ಲವೂ ಕೂಗ್ತವೆ. ಕೂಗಿದ್ದೆಲ್ಲ ಗಾಯ ಅಲ್ಲ."

ಹಾಗಾದ್ರೆ ಯಾವ ಕೂಗಿಗೆ ನಿಲ್ಲಿಸ್ಬೇಕು? ನಾನು ಪಾಲಿಸಿದ ಲೆಕ್ಕ ಹೇಳ್ತೀನಿ, ಫಿಸಿಯೋಗಳು ಸಾಮಾನ್ಯವಾಗಿ ಇದನ್ನೇ ಹೇಳೋದು. ಹತ್ತಕ್ಕೆ ಮೂರು ನಾಲ್ಕರೊಳಗಿನ ನೋವಿನಲ್ಲಿ ನಡೀಬಹುದು. ಐದಾದ್ರೆ ಹೆಜ್ಜೆ ಕಡಿಮೆ ಮಾಡಿ, ಊರುಗೋಲಿನ ಮೇಲೆ ಭಾರ ಜಾಸ್ತಿ ಹಾಕಿ. ಅದಕ್ಕಿಂತ ಮೇಲೆ ಅಥವಾ ಚುಚ್ಚಿದ ಹಾಗೆ ಒಂದೇ ಬಿಂದುವಿನಲ್ಲಿ ಬಂದ್ರೆ ನಿಲ್ಲಿಸಿ. ನಿಜವಾದ ಪರೀಕ್ಷೆ ಮಾರನೇ ದಿನ ಬೆಳಿಗ್ಗೆ. ನಿನ್ನೆ ಬೆಳಿಗ್ಗೆ ಇದ್ದಷ್ಟೇ ನೋವು, ಅಷ್ಟೇ ಬಾವು ಇದ್ರೆ ನಿನ್ನೆ ಮಾಡಿದ್ದು ಸರಿಯಾಗಿದೆ. ಜಾಸ್ತಿ ಇದ್ರೆ ನಿನ್ನೆ ಅತಿಯಾಗಿದೆ, ಇವತ್ತು ಅರ್ಧಕ್ಕೆ ಇಳಿಸಿ, ಆದ್ರೆ ಪೂರ್ತಿ ಮಲಗ್ಬೇಡಿ. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಪ್ಯಾರಸಿಟಮಾಲ್ ತಗೊಂಡ್ರೆ ಕೆಲಸ ಸುಲಭ. ಬಲವಾದ ಮಾತ್ರೆ ನುಂಗಿ ನಡೆಯೋದು ಬೇಡ, ಅದು ಅಜ್ಜಿಯ ಮೊಳೆಯ ಕಥೆ ಆಗುತ್ತೆ.

ನನ್ನ ತಪ್ಪು ಚೌತಿಗೆ ಆಯ್ತು. ಅಷ್ಟರಲ್ಲಿ ಒಂದೇ ಊರುಗೋಲಿಗೆ ಬಂದಿದ್ದೆ, ಫೋನಿನ ಸ್ಟೆಪ್ ಕೌಂಟರಿನಲ್ಲಿ ದಿನಕ್ಕೆ 800 ಹೆಜ್ಜೆ. ಹಬ್ಬದ ದಿನ ನೋವೇ ಇರಲಿಲ್ಲ, ಗೆಳೆಯರು ಕರೆದ್ರು, ಮೂರು ಗಣಪತಿ ನೋಡಿದೆ, ನಿಂತೆ, ಹರಟಿದೆ. ರಾತ್ರಿ ನೋಡಿದ್ರೆ 4,300. ಮುಂದಿನ ನಾಲ್ಕು ದಿನ ಪಾದ ಚಕ್ಕುಲಿ ಡಬ್ಬಿಯ ಹಾಗೆ ಬಾತಿತ್ತು, ಹೆಜ್ಜೆ ಸೊನ್ನೆ. ಒಳ್ಳೆ ದಿನ ಕುಣಿಯೋದು, ಕೆಟ್ಟ ದಿನ ಬೀಳೋದು, ಎಲ್ಲಾ ರೋಗಿಗಳೂ ಬೀಳೋ ಗುಂಡಿ ಇದು. ಒಳ್ಳೆ ದಿನವೂ ಲೆಕ್ಕಕ್ಕಿಂತ ಜಾಸ್ತಿ ನಡೀಬಾರದು, ಇದು ನೋವು ಸಹಿಸೋದಕ್ಕಿಂತ ಕಷ್ಟ. ಆಮೇಲೆ ವಾರಕ್ಕೆ ಹತ್ತು ಪರ್ಸೆಂಟಿನ ಆಸುಪಾಸು ಏರಿಸ್ತಾ ಹೋದೆ, ಬೇಸರ ಹಿಡಿಯುವಷ್ಟು ನಿಧಾನ.

ಊರುಗೋಲು ಬಿಡೋ ಅವಸರ ಎಲ್ಲರಿಗೂ. ಕುಂಟ್ತಾ ಊರುಗೋಲು ಇಲ್ಲದೆ ನಡೆಯೋದಕ್ಕಿಂತ ಊರುಗೋಲು ಹಿಡಿದು ಕುಂಟದೆ ನಡೆಯೋದು ಮೇಲು. ನೋವು ತಪ್ಪಿಸೋಕೆ ಪಾದದ ಹೊರ ಅಂಚಿನಲ್ಲಿ ನಡೆದ್ರೆ ಮಿದುಳು ಅದನ್ನೇ ಕಲಿಯುತ್ತೆ, ಆಮೇಲೆ ಮಂಡಿ, ಸೊಂಟ ಸರದಿಯಲ್ಲಿ ನೋಯ್ತವೆ. ಒಂದೇ ಕೋಲಿದ್ರೆ ಅದು ಒಳ್ಳೆ ಕಾಲಿನ ಬದಿಯ ಕೈಯಲ್ಲಿ ಇರಬೇಕು, ಸಿನಿಮಾದಲ್ಲಿ ತೋರಿಸೋದು ಬಹಳ ಸಲ ಉಲ್ಟಾ. ಕಂಕುಳಿನ ಊರುಗೋಲಾದ್ರೆ ಭಾರ ಅಂಗೈ ಮೇಲೆ, ಕಂಕುಳಿನ ಮೇಲೆ ಹಾಕಿದ್ರೆ ಕೈ ಜೋಮು ಹಿಡಿಯುತ್ತೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೆಳಗಿನ ರಬ್ಬರ್ ಬುಡ ಸವೆದಿದ್ಯಾ ನೋಡಿ. ನಮ್ಮ ಕೆಂಪು ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಎಣ್ಣೆ ಹಚ್ಚಿದ ಹಾಗಿರುತ್ತೆ, ಅಂಗಳದಲ್ಲಿ ಪಾಚಿ ಬೇರೆ. ಎರಡನೇ ಸಲ ಬೀಳೋಕೆ ಮಾಡಲಿಲ್ಲ ಅನ್ನೋದಷ್ಟೇ ನನ್ನ ಸಾಧನೆ.

ಕಕ್ಕಸಿನ ವಿಷಯ ಯಾರೂ ಮಾತಾಡಲ್ಲ, ನಾನು ಮಾತಾಡ್ತೀನಿ. ಹಳೇ ಮನೆಗಳಲ್ಲಿ ಕುಕ್ಕರಗಾಲಲ್ಲಿ ಕೂರೋದೇ ಇರೋದು. ಕುಕ್ಕರುಗಾಲಿಗೆ ಪಾದದ ಕೀಲು ಪೂರ್ತಿ ಬಗ್ಗಬೇಕು, ಈ ಆಪರೇಷನ್ ಆದೋರಿಗೆ ಅದು ಎಲ್ಲಕ್ಕಿಂತ ಕೊನೆಗೆ ಬರೋ ಚಲನೆ. ಕಮೋಡ್ ಚೇರ್ ಅಂತ ಸಿಗುತ್ತೆ, ಅದನ್ನ ಆಪರೇಷನ್‌ಗೆ ಮೊದಲೇ ತಂದಿಡಿ.

ಇನ್ನು ಎಣ್ಣೆ. "ಒಂದು ಸಲ ನಾಟಿ ಎಣ್ಣೆ ಹಾಕಿ ತಿಕ್ಕಿಸು" ಅಂತ ಹೇಳದ ಸಂಬಂಧಿಕರು ಇಲ್ಲ. ಗಾಯ ಪೂರ್ತಿ ಕೂಡಿದ ಮೇಲೆ, ಸರ್ಜನ್ ಹೂಂ ಅಂದ ಮೇಲೆ ಮೃದುವಾಗಿ ತಿಕ್ಕೋದ್ರಿಂದ ಹಿತ ಅನ್ನಿಸುತ್ತೆ, ಮೇಲೆ ಹೇಳಿದ ಗೇಟಿನ ಕೆಲಸವೇ ಅದು. ಹಸಿ ಗಾಯಕ್ಕೆ ಎಣ್ಣೆ, ಅರಿಶಿನ, ಸೊಪ್ಪಿನ ಪಟ್ಟು ಯಾವುದೂ ಬೇಡ, ಒಳಗೆ ಲೋಹ ಇದೆ. ಸೋಂಕು ಪ್ಲೇಟಿಗೆ ಇಳಿದ್ರೆ ಮತ್ತೆ ಆಪರೇಷನ್. ಬೀಡಿ, ಸಿಗರೇಟು, ಗುಟ್ಕಾ ಕೂಡ ಇದೇ ಪಟ್ಟಿಗೆ: ತಂಬಾಕು ರಕ್ತನಾಳ ಕುಗ್ಗಿಸುತ್ತೆ, ಹಿಮ್ಮಡಿಯ ಗಾಯ ಕೂಡದೇ ಇರೋದಕ್ಕೆ ಅದೊಂದು ದೊಡ್ಡ ಕಾರಣ.

ಡಾಕ್ಟರಿಗೆ ಫೋನ್ ಮಾಡ್ಲೇಬೇಕಾದ ಸಂದರ್ಭ ಒಂದೇ ಉಸಿರಿನಲ್ಲಿ ಹೇಳ್ತೀನಿ. ಜ್ವರ, ಗಾಯದಿಂದ ಕೀವು ಅಥವಾ ವಾಸನೆ. ಮೀನಖಂಡ ಬಾತು ಗಟ್ಟಿಯಾಗಿ ನೋಯೋದು, ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಅದರ ಜೊತೆ ಉಸಿರು ಕಟ್ಟಿದ್ರೆ, ಎದೆ ನೋವಾದ್ರೆ ಫೋನಲ್ಲ, ನೇರ 108. ಇನ್ನೊಂದು, ವಾರಗಳು ಕಳೆದ ಹಾಗೆ ಇಳಿಯೋ ಬದಲು ಏರೋ ಉರಿನೋವು, ಪಾದದ ಬಣ್ಣ, ಬಿಸಿ, ಬೆವರು ಬದಲಾಗೋದು, ಮುಟ್ಟೋಕೂ ಆಗದಿರೋದು. ಇದು ನರಗಳೇ ದಾರಿ ತಪ್ಪಿದ ಒಂದು ಸ್ಥಿತಿ, ಸಿಆರ್‌ಪಿಎಸ್ ಅಂತಾರೆ. ಬೇಗ ಹಿಡಿದ್ರೆ ಒಳ್ಳೇದು. 'ನಿನಗೆ ತಡ್ಕೊಳ್ಳೋ ಶಕ್ತಿ ಇಲ್ಲ' ಅಂತ ಯಾರಾದ್ರೂ ಅಂದ್ರೆ ಅವರನ್ನ ಬಿಟ್ಟು ಡಾಕ್ಟರ್ ಹತ್ರ ಹೋಗಿ.

ಕಡಲು ಬಾಕಿ ಇದೆ. ಎಲ್ಲರೂ ಹೇಳೋರು, ಉಪ್ಪುನೀರು ಗಾಯಕ್ಕೆ ಒಳ್ಳೇದು, ಮರಳಲ್ಲಿ ನಡಿ ಅಂತ. ಗಾಯ ಹಸಿ ಇರುವಾಗ ಸಮುದ್ರಕ್ಕೆ ಇಳೀಬೇಡಿ. ವಿಬ್ರಿಯೋ ಅನ್ನೋ ಜಾತಿಯ ಕೆಲವು ಬ್ಯಾಕ್ಟೀರಿಯಾ ಆ ನೀರಲ್ಲಿ ಇರ್ತವೆ, ಲಿವರ್ ತೊಂದರೆ, ಶುಗರ್ ಇರೋರಿಗೆ ಜೀವಕ್ಕೇ ಅಪಾಯ ತರಬಹುದು. ಮರಳಿನ ವಿಷಯ ಬೇರೆ. ಹಿಮ್ಮಡಿ ಮೂಳೆಯ ಮೇಲೆ ಇರೋ ಕೀಲೇ ಪಾದವನ್ನ ಎಡಕ್ಕೆ ಬಲಕ್ಕೆ ವಾಲಿಸೋದು, ಅದು ಬಿಗಿದ್ರೆ ಸಮತಟ್ಟಾದ ನೆಲದಲ್ಲಿ ಗೊತ್ತಾಗಲ್ಲ, ಗದ್ದೆಯ ಅಂಚಿನಲ್ಲಿ, ಮರಳಲ್ಲಿ ಗೊತ್ತಾಗುತ್ತೆ. ಒಣ ಮರಳು ಕೊನೆಯ ತರಗತಿ. ಮೊದಲು ಅಲೆ ಇಳಿದು ಗಟ್ಟಿಯಾದ ಒದ್ದೆ ಮರಳು, ಅದೂ ಇಳಿಜಾರು ಇಲ್ಲದ ಕಡೆ, ಶೂ ಹಾಕ್ಕೊಂಡು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಹೋದೆ. ಪ್ರವಾಸಿಗರು 237 ಅಡಿಯ ರಾಜಗೋಪುರದ ಲಿಫ್ಟಿಗೆ ಸಾಲು ನಿಂತಿದ್ರು. ನಾನು ಒದ್ದೆ ಮರಳಲ್ಲಿ ಅರವತ್ತು ಹೆಜ್ಜೆ ಹೋಗಿ ಅರವತ್ತು ಹೆಜ್ಜೆ ವಾಪಸ್ ಬಂದೆ. ನೋವು ಹತ್ತಕ್ಕೆ ನಾಲ್ಕು. ಹಿಂದೆ ತಿರುಗಿ ನೋಡಿದ್ರೆ ಎಡಗಾಲಿನ ಗುರುತು ಆಳವಾಗಿ, ಬಲಗಾಲಿನದ್ದು ತೆಳ್ಳಗೆ. ಫೋಟೋ ತೆಗೆದು ಮೇಡಂಗೆ ಕಳಿಸಿದೆ. "ಹಿಮ್ಮಡಿ ಗುರುತು ಇನ್ನೂ ಸರಿ ಬಿದ್ದಿಲ್ಲ, ನಾಳೆ ನಲವತ್ತೇ ಹೆಜ್ಜೆ, ಆದ್ರೆ ಸರಿಯಾಗಿ" ಅಂತ ವಾಯ್ಸ್ ನೋಟ್ ಬಂತು.

ಮೂಳೆ ಕೂಡಿದ್ರೂ ಇಂಥ ಪಾದ ಒಂದು ಹಂತಕ್ಕೆ ಬರೋಕೆ ಒಂದರಿಂದ ಎರಡು ವರ್ಷ ಅಂತಾರೆ. ನಾನಿನ್ನೂ ಆ ಲೆಕ್ಕದ ಒಳಗೇ ಇದ್ದೀನಿ. ಈ ಮೇ ತಿಂಗಳಲ್ಲಿ ಹಂಚು ಸರಿಮಾಡೋಕೆ ಜನ ಕರೆಸಿದ್ವಿ, ಏಣಿ ಹಿಡ್ಕೊಂಡು ನಿಂತಿದ್ದು ಮಾತ್ರ ನಾನು. ನಿಮಗೋ ಮನೆಯವರಿಗೋ ಇಂಥ ಆಪರೇಷನ್ ಆಗಿದ್ರೆ ಏನು ಕಷ್ಟ ಆಯ್ತು, ಏನು ಉಪಯೋಗ ಆಯ್ತು ಅಂತ ವಾಯ್ಸ್ ಮೆಸೇಜ್ ಕಳಿಸಿ.